ಹದಿನೇಳು ಚುಕ್ಕಿಯ ಗ

ಯುದ್ಧ ಮುಗಿದರೂ ಚಿಮಣಿ ಎಣ್ಣೆಯ ಸಾಲು ಮುಗಿದಿಲ್ಲ. ಪುಣೆಯ ನಮ್ಮ ಪೇಟೆಯಲ್ಲಿ ಈ ಸಾಲಿಗೊಂದು ಶಿಸ್ತು ಇದೆ. ಮನುಷ್ಯರು ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಬೆಳಿಗ್ಗೆ ಎದ್ದವರು ಅಂಗಡಿಯ ಮುಂದೆ ಖಾಲಿ ಡಬ್ಬಿ ಇಟ್ಟು, ಅದರ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಗುರುತು ಬರೆದು, ಮನೆಗೆ ಹೋಗಿ ಬೇಳೆ ಬೇಯಿಸಿ, ಮಕ್ಕಳಿಗೆ ಎಣ್ಣೆ ಹಚ್ಚಿ, ಅಂಗಡಿ ತೆರೆಯುವ ಹೊತ್ತಿಗೆ ಬರುತ್ತಾರೆ. ಡಬ್ಬಿಗಳು ಪಾಪ ಒಂದನ್ನೊಂದು ತಳ್ಳುವುದಿಲ್ಲ. ತಳ್ಳುವುದೇನಿದ್ದರೂ ನಾವು ಬಂದ ಮೇಲೆ.

ಮೊನ್ನೆ ನಾನೂ ನನ್ನ ಡಬ್ಬಿ ಇಟ್ಟು, ಗುರುತು ಬರೆದು ಬಂದಿದ್ದೆ. ಅಂಗಡಿಯವನು ಒಂದೊಂದೇ ಡಬ್ಬಿಯ ಗುರುತು ಕೂಗುತ್ತ ಬಂದವನು ನನ್ನದರ ಮುಂದೆ ನಿಂತುಬಿಟ್ಟ. ಕನ್ನಡಕ ಏರಿಸಿದ, ಇಳಿಸಿದ. "ಬಾಈ, ಹೇ ಕಾಯ ಆಹೇ?" ಇದೇನಿದು, ಎಂದು ಮರಾಠಿಯಲ್ಲಿ ಕೇಳಿದ. ನಾನು ಬಗ್ಗಿ ನೋಡಿದೆ. ಡಬ್ಬಿಯ ಮೇಲೆ ದಪ್ಪಗೆ, ಅಚ್ಚ ಕನ್ನಡದಲ್ಲಿ, 'ಗ' ಎಂದು ಬರೆದಿದ್ದೆ.

ನನ್ನ ಹೆಸರು ಶಾಂತಾ. ನನ್ನ ಹೆಸರಿನಲ್ಲಿ, ನನ್ನ ಯಜಮಾನರ ಹೆಸರಿನಲ್ಲಿ, ಅಡ್ಡಹೆಸರಿನಲ್ಲಿ, ದೀಪ ಹಚ್ಚಿಕೊಂಡು ಹುಡುಕಿದರೂ ಗ ಸಿಗುವುದಿಲ್ಲ. ಆದರೂ ಕೈಗೆ ಸೀಮೆಸುಣ್ಣ ಸಿಕ್ಕರೆ ಅದು ಬರೆಯುವುದು ಇದನ್ನೇ. ಅಂಗಡಿಯವನಿಗೆ "ಅದು ನಮ್ಮ ಮನೆಯ ಗುರುತು" ಎಂದು ಹೇಳಿ ಎಣ್ಣೆ ತಂದೆ. ಅಷ್ಟು ಹೇಳಿದರೆ ಅವನಿಗೆ ಸಾಕು. ನಿಮಗೆ ಉಳಿದದ್ದನ್ನೂ ಹೇಳಬೇಕು.

ಗ ನನ್ನ ಅವ್ವನದು. ಧಾರವಾಡದ ಹತ್ತಿರದ ಒಂದು ಹಳ್ಳಿಯಲ್ಲಿ, ಹುಟ್ಟಿದ ಮನೆಯಲ್ಲಿ ಅವಳ ಹೆಸರು ಗಂಗಾ. ಮದುವೆಯಲ್ಲಿ ಅಪ್ಪ ಪರಾತದ ಅಕ್ಕಿಯಲ್ಲಿ ಉಂಗುರದಿಂದ 'ರಾಧಾ' ಎಂದು ಬರೆದ. ಅಲ್ಲಿಗೆ ಗಂಗಾ ಮುಗಿಯಿತು, ರಾಧಾಬಾಯಿ ಶುರುವಾದಳು. ನಮ್ಮ ಕಡೆ ಇದು ಎಲ್ಲ ಹೆಣ್ಣುಮಕ್ಕಳಿಗೂ ಆಗುವುದೇ, ಯಾರೂ ಇದಕ್ಕಾಗಿ ಅತ್ತದ್ದು ನಾನು ಕಂಡಿಲ್ಲ. ಅಪ್ಪನಿಗೆ ಪುಣೆಯ ಲಷ್ಕರದ ಕಚೇರಿಯಲ್ಲಿ ಕಾರಕೂನಿ. ಅವ್ವ ಇಲ್ಲಿಗೆ ಬಂದಮೇಲೆ ಗಂಗಾ ಎಂದು ಕರೆಯುವವರು ಯಾರೂ ಉಳಿಯಲಿಲ್ಲ. ಆ ಹೆಸರು ಉಳಿದದ್ದು ತವರಿನವರು ಕೊಟ್ಟ ಒಂಬತ್ತು ಭಾಂಡೆಗಳ, ಅಂದರೆ ಪಾತ್ರೆಗಳ, ಮೇಲೆ, ಅದೂ ಒಂದೇ ಅಕ್ಷರವಾಗಿ.

ನನ್ನ ತಾಯಿಯ ತಂದೆ ಕನ್ನಡ ಶಾಲೆಯ ಮಾಸ್ತರರು. ಊರಿನ ಗಂಡುಹುಡುಗರಿಗೆಲ್ಲ ಅಕ್ಷರ ತಿದ್ದಿಸಿದ ಕೈ ಅವರದು. ಸ್ವಂತ ಮಗಳಿಗೆ ಮಾತ್ರ ಕಲಿಸಲಾಗಲಿಲ್ಲ. ಹೆಣ್ಣು ಅಕ್ಷರ ಕಲಿತರೆ ಗಂಡನ ಆಯುಷ್ಯಕ್ಕೆ ಕೇಡು ಎಂದು ಅವರ ತಾಯಿ, ಅಂದರೆ ನನ್ನ ಮುತ್ತಜ್ಜಿ, ನಂಬಿದ್ದಳು. ಊರಿಗೆ ಮಾಸ್ತರನಾದವನು ಮನೆಯಲ್ಲಿ ಅವಳ ಎದುರು ಬಾಯಿ ತೆಗೆಯುತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಅಜ್ಜ ಹಿತ್ತಲಲ್ಲಿ ಕೂತು, ಒಂದು ಮೊಳೆ, ಒಂದು ಕಲ್ಲು ಹಿಡಿದು, ಹೊಸ ಭಾಂಡೆಗಳ ಕೊರಳಿನ ಮೇಲೆ ಚುಕ್ಕಿ ಹೊಡೆಯತೊಡಗಿದರಂತೆ. ಕಂಚಗಾರನಿಗೆ ಕೊಟ್ಟಿದ್ದರೆ ಒಂದು ಗಳಿಗೆಯ ಕೆಲಸ. ಕೊಡಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಎಣಿಸಿ ಎಣಿಸಿ ಹೊಡೆದರು. ಮುತ್ತಜ್ಜಿ ಬಂದು ನಿಂತಳು.

"ಏನೋ ಅದು? ಹುಡಿಗಿಗೆ ಅಕ್ಷರ ಕಲಸ್ಲಿಕ್ಕೆ ಹತ್ತೀಯೇನೋ?"

"ಅಕ್ಷರ ಅಲ್ಲವ್ವಾ, ಚುಕ್ಕಿ ರಂಗೋಲಿ. ಭಾಂಡೆದ ಗುರುತಿಗೆ" ಎಂದರಂತೆ ಅಜ್ಜ.

ರಂಗೋಲಿಗೆ ಯಾರ ಅಭ್ಯಂತರವೂ ಇರಲಿಲ್ಲ. ಹಾಗೆ ನನ್ನ ಅವ್ವ ಹದಿನೇಳು ಚುಕ್ಕಿಯ ಒಂದು ರಂಗೋಲಿ ಕಲಿತು ಗಂಡನ ಮನೆಗೆ ಬಂದಳು. ಚುಕ್ಕಿ ಕೂಡಿಸಿದರೆ ಗ. ಅದರ ಹಿಂದೆ ಖ ಇದೆ, ಮುಂದೆ ಘ ಇದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಒಂದೇ ಅಕ್ಷರ ಗೊತ್ತಿದ್ದವರು ಅದನ್ನು ಎಷ್ಟು ದುಡಿಸಿಕೊಳ್ಳುತ್ತಾರೆ ಎನ್ನುವುದು ನಮಗೆ, ಐವತ್ತು ಅಕ್ಷರ ಕಲಿತು ಸುಮ್ಮನೆ ಇಟ್ಟುಕೊಂಡವರಿಗೆ, ತಿಳಿಯುವುದಿಲ್ಲ. ನಮ್ಮ ವಾಡೆಯಲ್ಲಿ ಹನ್ನೊಂದು ಸಂಸಾರ, ಒಂದು ನಳ, ಒಂದು ಮಾಳಿಗೆ. ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿದರೆ ಚಾಪೆಯ ಮೂಲೆಯಲ್ಲಿ ಇದ್ದಿಲಿನ ಗ. ಉಪ್ಪಿನಕಾಯಿ ಭರಣಿಯ ಬಟ್ಟೆಯ ಮೇಲೆ ಅರಿಷಿಣದ ಗ. ಅಗಸನಿಗೆ ಹಾಕುವ ಧೋತರದ ಅಂಚಿನಲ್ಲಿ ಕೇರುಬೀಜದ ರಸದ ಗ. ಊರಿಗೆ ಹೋಗುವಾಗ ಹಾಸಿಗೆಯ ಸುರುಳಿಯ ಮೇಲೆ ಇಷ್ಟು ದೊಡ್ಡ ಗ. ಹಮಾಲ ಕಳೆದುಹೋದರೂ ಹಾಸಿಗೆ ಕಳೆಯುತ್ತಿರಲಿಲ್ಲ. ನನಗೆ ಜ್ವರ ಬಂದಾಗ ತಂಪಿಗೆಂದು ಹಣೆಗೆ ಗಂಧ ಹಚ್ಚಿ, ಅದರ ಮೇಲೂ ಬೆರಳಿನಿಂದ ಅದನ್ನೇ ಎಳೆಯುತ್ತಿದ್ದಳು. ನಾನು ಕಳೆದುಹೋಗಬಾರದೆಂದೋ ಏನೋ.

ಎಲ್ಲಕ್ಕಿಂತ ದೊಡ್ಡ ಕೆಲಸ ಕಾರ್ಡಿನದು. ತಿಂಗಳಿಗೊಮ್ಮೆ ಅಪ್ಪ ಅವ್ವನ ತವರಿಗೆ ಕಾರ್ಡು ಬರೆಯುತ್ತಿದ್ದ. ಕೆಳಗಿನ ಮೂಲೆಯಲ್ಲಿ ಒಂದು ಹೆಬ್ಬೆರಳಿನಷ್ಟು ಜಾಗ ಬಿಡುತ್ತಿದ್ದ. ಅವ್ವ ಟಾಕನ್ನು ಮಸಿಯಲ್ಲಿ ಅದ್ದಿ, ಉಸಿರು ಹಿಡಿದು, ಹದಿನೇಳು ಚುಕ್ಕಿ ಇಟ್ಟು, ಆಮೇಲೆ ಕೂಡಿಸುತ್ತಿದ್ದಳು. ಮೇಲೆ ಅಪ್ಪ ಎಷ್ಟೇ "ಸರ್ವರೂ ಕ್ಷೇಮ" ಎಂದು ಬರೆದರೂ ಅಲ್ಲಿ ಯಾರೂ ಅದನ್ನು ನಂಬುತ್ತಿರಲಿಲ್ಲ. ಅಜ್ಜ ಮೊದಲು ಮೂಲೆ ನೋಡುತ್ತಿದ್ದರಂತೆ. ಗ ನೆಟ್ಟಗಿದ್ದರೆ ಮಗಳು ಆರಾಮಾಗಿದ್ದಾಳೆ. ನಡುಗಿದ್ದರೆ ಮೈಯಲ್ಲಿ ಸರಿಯಿಲ್ಲ. ನಾನು ಹುಟ್ಟುವ ಸುದ್ದಿಯನ್ನು ಅಪ್ಪ ನಾಚಿಕೆಗೆ ಬರೆದಿರಲಿಲ್ಲ. ಅವ್ವ ದೊಡ್ಡ 'ಗ'ದ ಪಕ್ಕದಲ್ಲಿ ಒಂದು ಸಣ್ಣ ಗ ಬರೆದು ಕಳಿಸಿದ್ದಳು. ವಾರದೊಳಗೆ ಬಸುರಿಗೆಂದು ಅಂಟಿನುಂಡಿ ಬಂತಂತೆ.

ಮೊದಲ ವರ್ಷ ಅಪ್ಪ, "ಇಲ್ಲೆ ಯಾರೂ ಕೇಳಾವ್ರಿಲ್ಲ, ಉಳಿದ ಅಕ್ಷರನೂ ಕಲೀ" ಎಂದು ಹೇಳಿ ನೋಡಿದ. "ಮದಲ ನಳಾ ಹೋಗೂದ್ರಾಗ ನೀರು ತುಂಬಿ ಬರ್ತೇನ್ರಿ, ಆಮ್ಯಾಲೆ ನಿಮ್ಮ ಅ ಆ ನೋಡೋಣು" ಎಂದಳು ಅವ್ವ. ಪುಣೆಯ ನಳ ಯಾರಿಗಾದರೂ ಅಕ್ಷರಾಭ್ಯಾಸಕ್ಕೆ ಬಿಡುವು ಕೊಟ್ಟದ್ದುಂಟೇ?

ವಿಚಿತ್ರವೆಂದರೆ, ಈ ಊರಿನ ತುಂಬ ಗ ಬಿದ್ದುಕೊಂಡಿದೆ. ಇಲ್ಲಿಯ ಹೆಂಗಸರು ಒಬ್ಬರನ್ನೊಬ್ಬರು ಕರೆಯುವಾಗ ಮಾತಿನ ಕೊನೆಗೆ ಒಂದು ಗ ಹಚ್ಚುತ್ತಾರೆ. "ಯೇ ಗ", "ಬಸ ಗ", "ಕಾಯ ಗ". ನಮ್ಮ ಕಡೆಯ "ಬಾರೇ", "ಕೂಡೇ", "ಏನೇ" ಇದ್ದ ಹಾಗೆ, ಸಲಿಗೆಯ ಗ. ಹೊಸದಾಗಿ ಬಂದ ಅವ್ವನಿಗೆ ಮರಾಠಿ ಒಂದು ಶಬ್ದ ಬರುತ್ತಿರಲಿಲ್ಲ. ಆದರೆ ಎದುರು ಕೋಣೆಯ ಯಮುನಾಕಾಕು ಮೊದಲನೇ ದಿನವೇ "ಯೇ ಗ" ಎಂದದ್ದು ಕೇಳಿ ಅವಳಿಗೆ ಅರ್ಧ ಭಯ ಹೋಯಿತಂತೆ. ಕೆಳಗಿನ ಕೋಣೆಯಲ್ಲಿ ಒಬ್ಬ ಗವಾಯಿ ಮಾಸ್ತರ ಇದ್ದರು, ಅವರ ಬಳಿ ನಾನೂ ಎಂಟು ದಿನ ಹಾಡು ಕಲಿತೆ. ಸಾ, ರೇ ದಾಟಿ ಗ ಬಂದ ಕೂಡಲೇ ನನ್ನ ದನಿ ಒಡೆಯುತ್ತಿತ್ತು. ಒಂಬತ್ತನೇ ದಿನ ಮಾಸ್ತರರು ನನ್ನನ್ನು ಹೆಣಿಗೆ ಕಲಿಯಲು ಹೇಳಿದರು. ಗಣಪತಿಯ ಬೀಜಾಕ್ಷರವಾದ 'ಗಂ'ದಲ್ಲೂ ಗ ಇದೆ ಎಂದು ತಿಳಿದ ದಿನ ಅವ್ವ ಭಾಂಡೆಗಳಿಗೆ ಕುಂಕುಮ ಹಚ್ಚಿದಳು.

ಅಪ್ಪನಿಗೆ ಸಂಸ್ಕೃತದ ಹುಚ್ಚು. ಒಂದು ಸಂಜೆ ಉಣ್ಣುತ್ತ ಹೇಳಿದ: "ಸಂಸ್ಕೃತದಾಗ ಶಬ್ದದ ಕಡೀಕ ಗ ಬಂದ್ರ ಹೋಗಾಂವ ಅಂತ ಅರ್ಥ. ಖ ಅಂದ್ರ ಆಕಾಶ. ಆಕಾಶದಾಗ ಹೋಗೂದು ಖಗ, ಹಕ್ಕಿ."

ಅವ್ವ ಸಾರು ಬಡಿಸುತ್ತ, "ಹಂಗಾದ್ರ ಧಾರವಾಡ ಬಿಟ್ಟು ಇಷ್ಟು ದೂರ ಬಂದಾಕಿಗೆ ನಮ್ಮಪ್ಪ ಗ ಹಚ್ಚಿದ್ದು ಬರೋಬ್ಬರಿ ಆತು ಬಿಡ್ರಿ" ಎಂದಳು. ಅಪ್ಪ ನಕ್ಕ. ಆ ಮಾರ್ಗಶಿರದಲ್ಲೇ ಅಜ್ಜ ತೀರಿಕೊಂಡರು. ತಂತಿ ಬಂದು, ರೈಲು ಹಿಡಿದು ಅವ್ವ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇನ್ನು ನನ್ನ ಪರಾಕ್ರಮಕ್ಕೆ ಬರುತ್ತೇನೆ. ಆಗ ನನಗೆ ಹತ್ತು ವರ್ಷ. ಮರಾಠಿ ಶಾಲೆ, ಮರಾಠಿ ಗೆಳತಿಯರು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆ, ಬರೆಯಲು ಓದಲು ಬರುತ್ತಿರಲಿಲ್ಲ, ಬರಬೇಕೆಂದೂ ಇರಲಿಲ್ಲ. ವಾಡೆಯಲ್ಲಿ ಯಾರದಾದರೂ ಮುಂಜಿಯೋ ಮದುವೆಯೋ ಆದರೆ ಹನ್ನೊಂದು ಮನೆಯ ಭಾಂಡೆಗಳೂ ಅಲ್ಲಿಗೆ ಹೋಗುತ್ತಿದ್ದವು. ಮುಗಿದ ಮೇಲೆ ಹೆಂಗಸರು ಅಂಗಳದಲ್ಲಿ ಕೂತು ಅಕ್ಷರ ನೋಡಿ ಬೇರೆ ಮಾಡುತ್ತಿದ್ದರು. ನಮ್ಮವು ಎಲ್ಲಕ್ಕಿಂತ ಮೊದಲು ಬೇರೆಯಾಗುತ್ತಿದ್ದವು. ಯಮುನಾಕಾಕುವಿಗೆ ಕನ್ನಡದ ಗ ಸೆರಗು ಹೊದ್ದು ಕೂತ ಹೆಂಗಸಿನಂತೆ ಕಾಣುತ್ತಿತ್ತು. "ಹೇ ಬಸಲೇಲ್ಯಾ ಬಾಈಚಂ", ಇದು ಕೂತ ಬಾಯಿಯದು, ಎಂದು ಪಕ್ಕಕ್ಕೆ ಇಡುತ್ತಿದ್ದಳು. ಅವಳದು ಪ್ರೀತಿಯ ಮಾತು. ಹುಡುಗಿಯರು ಅದನ್ನು ಎತ್ತಿಕೊಂಡರು. ನಾನು ಮೆಟ್ಟಿಲ ಮೇಲೆ ಕೂತದ್ದು ಕಂಡರೆ ಸಾಕು, "ಬಸಲೇಲೀ ಬಾಈ, ಊಠ ಗ ಊಠ!" ಕೂತ ಬಾಯೀ, ಏಳೇ ಏಳು, ಎಂದು ಕುಣಿಯುತ್ತಿದ್ದರು. ಮನೆಯ ಭಾಂಡೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಲಾಯಿ ಹಾಕುವವನು ವರ್ಷಕ್ಕೊಮ್ಮೆ ಬಂದು ಅಂಗಳದಲ್ಲಿ ಕುಳಿ ತೋಡಿ, ತಿದಿ ಊದಿ ಒಲೆ ಹೂಡುತ್ತಿದ್ದ. ಆ ಸಲ ಅವನ ಜೊತೆ ಹೆಸರು ಕೊರೆಯುವ ಒಬ್ಬ ಮುದುಕನೂ ಬಂದಿದ್ದ. ಅವ್ವ ಅಂದು ಬೇರೆ ಪೇಟೆಯಲ್ಲಿ ಪರಿಚಯದವರ ಬಾಣಂತಿಗೆ ನೀರು ಹಾಕಲು ಹೋಗಿದ್ದಳು. ಭಾಂಡೆಗಳನ್ನು ನೋಡಿಕೊಳ್ಳಲು ಒಪ್ಪಿದ್ದ ಯಮುನಾಕಾಕು ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ನಾನು ಮುದುಕನ ಹತ್ತಿರ ಹೋಗಿ, ಈ ಗುರುತು ತೆಗೆದು ರಾಧಾಬಾಯಿಯ 'ರಾ' ಹಾಕಬೇಕೆಂದು, ನಾಗರಿಯಲ್ಲಿ ಹಾಕಬೇಕೆಂದು, ಅವ್ವನೇ ಹೇಳಿದ್ದಾಳೆಂದು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮೊದಲ ಎರಡು ನನ್ನ ಆಸೆ, ಮೂರನೆಯದು ಶುದ್ಧ ಸುಳ್ಳು.

ಮುದುಕ ಕೊಡವನ್ನು ಬೆಳಕಿಗೆ ಹಿಡಿದ. "ಇದು ಕಸಬಿನವನ ಕೈಯಲ್ಲ. ಯಾರೋ ಮನೆಯವರೇ ಕೂತು ಹೊಡೆದಿದ್ದಾರೆ. ಯಾರು ಮಗಳೇ?" ಎಂದು ಮರಾಠಿಯಲ್ಲಿ ಕೇಳಿದ.

"ಯಾರೋ ಹಳ್ಳಿಯವರು" ಎಂದೆ.

ಈ ಮಾತು ನೆನಪಾದಾಗ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಮುದುಕ ಅರ ತೆಗೆದು ತಿಕ್ಕಿದ. ಒಂಬತ್ತು ಭಾಂಡೆಗಳ ಕೊರಳೂ ನುಣ್ಣಗಾದವು, ಅದರ ಪಕ್ಕದಲ್ಲಿ ಮುತ್ತು ಪೋಣಿಸಿದಂತೆ 'ರಾ' ಬಂತು. ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಹೊಳೆಯುವ ಭಾಂಡೆಗಳನ್ನು ಸಾಲಾಗಿ ಜೋಡಿಸಿ ಅವ್ವನ ದಾರಿ ಕಾದೆ.

ಅವ್ವ ಬಂದಳು. ಹೊಳಪು ನೋಡಿ ಮುಖ ಅರಳಿತು. ಕೊಡ ಎತ್ತಿಕೊಂಡಳು. ಅವಳ ಹೆಬ್ಬೆರಳು ತಾನಾಗಿ ಕೊರಳಿನ ಮೇಲೆ ಹೋಯಿತು, ದಿನಾ ಬೂದಿ ಹುಣಿಸೆಹಣ್ಣು ಹಚ್ಚಿ ತಿಕ್ಕುವಾಗ ಹೋಗುತ್ತಿದ್ದ ಜಾಗಕ್ಕೆ. ಅಲ್ಲಿ ಏನೂ ಸಿಗಲಿಲ್ಲ. ಬೆರಳು ಅತ್ತಿತ್ತ ಹುಡುಕಿತು.

"ಇಲ್ಲಿದ್ದದ್ದು ಎಲ್ಲಿ ಹೋತು?"

"ಅರ ಹಾಕಿ ತಗಿಸೇನಿ ಅವ್ವಾ. ರಾ ಹಾಕ್ಸೇನಿ ನೋಡು. ಈಗ ಎಲ್ಲಾರ ಹಂಗ ಚಂದ ಕಾಣ್ತಾವಲ್ಲಾ?"

ಅವಳು ಪರಾತ ನೋಡಿದಳು, ಪಾತೇಲಿಗಳನ್ನು ನೋಡಿದಳು, ಒಂದೊಂದನ್ನೇ ತಿರುಗಿಸಿ ಬೆರಳಾಡಿಸಿದಳು. ಒಂಬತ್ತನೆಯದು ಮುಗಿದಮೇಲೆ ನೆಲಕ್ಕೆ ಕೂತಳು. ಬೈಯಲಿಲ್ಲ, ಹೊಡೆಯಲಿಲ್ಲ. "ಒಂದರೇ ಬಿಡಬೇಕಾಗಿತ್ತು ಶಾಂತಾ" ಎಂದಳು, ಅಷ್ಟೇ.

ನಿಮಗೆ ಮೊದಲೇ ಹೇಳಿದ ಮೊಳೆಯ ಕಥೆ, ರಂಗೋಲಿಯ ಕಥೆ, ನನಗೆ ಗೊತ್ತಾದದ್ದು ಅಂದು ಸಂಜೆ, ಅಪ್ಪನ ಬಾಯಿಂದ. ಅಜ್ಜ ಸತ್ತು ಇನ್ನೂ ವರ್ಷವಾಗಿರಲಿಲ್ಲ. ಅವರ ಕೈಯಿಂದ ಆದದ್ದು ಅವ್ವನ ಹತ್ತಿರ ಆ ಒಂಬತ್ತು ಗ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳಿಗೆ ಓದಲು ಬರುವುದಿಲ್ಲವೆಂದು ಅವರು ಅವಳಿಗೊಂದು ಕಾಗದವನ್ನೂ ಬರೆದಿರಲಿಲ್ಲ. ಇದನ್ನು ಕೇಳಿ ನಾನು ಅತ್ತೆ. ಅಳುವುದು ಸುಲಭ. ಅರದಿಂದ ತಿಕ್ಕಿದ್ದು ಅತ್ತರೆ ಮರಳಿ ಬರುವುದಿಲ್ಲ.

ಮೂರು ದಿನ ಅವ್ವ ಅಡಿಗೆ ಮಾಡಿದಳು, ನನ್ನ ಹೆರಳು ಹಾಕಿದಳು, ಎಲ್ಲ ಮಾಡಿದಳು. ಆದರೆ ನೀರು ತರುವಾಗ ಕೊಡದ ಕೊರಳನ್ನು ಆಚೆಗೆ ತಿರುಗಿಸಿ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅಪ್ಪ ಸೋದರಮಾವನಿಗೆ ಕಾರ್ಡು ಬರೆದು ಮೂಲೆ ಬಿಟ್ಟು ಮುಂದಿಟ್ಟ. ಅವ್ವ ಟಾಕು ಮುಟ್ಟಲಿಲ್ಲ. "ಕೈ ಬರವಲ್ದ್ರಿ" ಎಂದಳು. ಗ ಇಲ್ಲದ ಕಾರ್ಡು ಹೋದರೆ ಆ ಮನೆಯವರು ಗಾಬರಿಯಾಗಿ ರೈಲು ಹತ್ತುತ್ತಾರೆಂದು ಅಪ್ಪ ಅದನ್ನು ಕೋಟಿನ ಕಿಸೆಯಲ್ಲೇ ಇಟ್ಟುಕೊಂಡ.

"ನಾ ಬರದು ಕೊಡ್ತೇನಿ, ಆ ಮುದುಕನ ಕಡೆನ ಮತ್ತ ಗ ಕೊರಸೋಣು. ಮದಲಿನಕಿಂತ ಚಂದ ಆಗ್ತದ" ಎಂದ ಅಪ್ಪ.

"ನಿಮ್ಮ ಅಕ್ಷರ ಚಂದನ ಅದಾವ್ರಿ. ನನಗ ಚಂದಂದು ಬ್ಯಾಡ" ಎಂದಳು ಅವ್ವ. ನಾನು ಬಾಗಿಲ ಹಿಂದೆ ನಿಂತು, ನಾನು ಮಾಡಿದ್ದಕ್ಕೆ ಇನ್ನು ಪರಿಹಾರವೇ ಇಲ್ಲ ಎಂದುಕೊಂಡೆ.

ನಾಲ್ಕನೇ ದಿನ ಶಾಲೆಯಿಂದ ಬಂದಾಗ ಅವ್ವ ಹಿತ್ತಲಲ್ಲಿ ಕೂತಿದ್ದಳು. ಮುಂದೆ ಕೊಡ, ಒಂದು ದಪ್ಪ ಮೊಳೆ, ಒಂದು ಕಲ್ಲು.

"ಬಾ ಇಲ್ಲೆ. ತಗಿಸಿದಾಕಿ ನೀ. ಹಾಕಾಕಿನೂ ನೀನ."

"ನನಗ ಕನ್ನಡ ಬರೀಲಿಕ್ಕೆ ಬರೂದಿಲ್ಲವ್ವಾ."

"ನನಗರ ಎಲ್ಲಿ ಬರ್ತದ? ಚುಕ್ಕಿ ಎಣಸ್ಲಿಕ್ಕೆ ಬರ್ತದಲ್ಲಾ, ಸಾಕು."

ಕೊಡವನ್ನು ತನ್ನ ತೊಡೆಯ ಮೇಲೆ ಅಡ್ಡ ಹಾಕಿಕೊಂಡಳು. ನಾನು ಮೊಳೆ ಇಟ್ಟೆ. ಅವಳು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗಾಳಿಯಲ್ಲಿ ಆಡಿಸುತ್ತ, ತನ್ನ ಅಪ್ಪ ಹೇಳಿದ್ದ ಹಾಗೆಯೇ ಹೇಳತೊಡಗಿದಳು. "ಕೆಳಗಿಂದ ಮ್ಯಾಲೆ ಹತ್ತು. ಐದು ಚುಕ್ಕಿ. ಹತ್ತಿದೀ? ಈಗ ಗುಡ್ಡದ ಮ್ಯಾಲೆ ನಡಿ, ಮೂರು. ಇನ್ನ ಆಕಡೆ ಇಳಿ, ಐದು. ತಲಿ ಬಗ್ಗಿಸಿ ಹೋಗಬ್ಯಾಡ, ಮ್ಯಾಲೆ ಸೆರಗು ಹೊಚ್ಚು, ನಾಕು." ಎರಡು ಸಲ ಕಲ್ಲು ನನ್ನ ಬೆರಳಿಗೇ ಬಿತ್ತು. ಅವ್ವ ಬೆರಳನ್ನು ತಣ್ಣೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ಮೊಳೆ ಕೊಟ್ಟಳು. ಹದಿನೇಳನೇ ಚುಕ್ಕಿ ಬಿದ್ದಾಗ ಕೊಡದ ಮೇಲೆ ಒಂದು ಗ ಕೂತಿತ್ತು. ಬೆನ್ನು ಬಾಗಿದ, ಸೆರಗು ಜಾರಿದ ಗ.

ಪಕ್ಕದಲ್ಲಿ ಮುತ್ತಿನಂಥ 'ರಾ' ಇತ್ತು. ಅದರ ಮುಂದೆ ನನ್ನದು ನಾಚಿಕೆಗೇಡಾಗಿ ಕಂಡಿತು. "ಇದನ್ನ ತಗಿಸಿ ಬಿಡೋಣೇನವ್ವಾ?" ಎಂದು ಕೇಳಿದೆ.

"ಬ್ಯಾಡ, ಅದೂ ಇರ್ಲಿ. ಹನ್ನೆರಡು ವರ್ಷ ಆತು, ಆ ಹೆಸರಿಗೂ ಓ ಅಂದೇನಿ" ಎಂದಳು.

ಅಂದು ಎರಡು ಭಾಂಡೆ, ಮರುದಿನ ಮೂರು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಉಳಿದ ನಾಲ್ಕು. ಅಪ್ಪನ ಕಿಸೆಯಲ್ಲಿದ್ದ ಕಾರ್ಡಿಗೂ ಗ ಬಂದು ಅದು ಟಪಾಲಿಗೆ ಹೋಯಿತು. ಅವ್ವ ಅಂದು ಬೈದಿದ್ದರೆ ನನಗೆ ಬೈಗುಳ ನೆನಪಿರುತ್ತಿತ್ತು, ಹೊಡೆದಿದ್ದರೆ ನಾನೇ ನೊಂದವಳೆಂದು ಇಷ್ಟು ಹೊತ್ತಿಗೆ ನಂಬಿಸಿಬಿಡುತ್ತಿದ್ದೆ. ಅವಳು ನನ್ನ ಕೈಗೆ ಮೊಳೆ ಕೊಟ್ಟಳು. ನಾನು ಕನ್ನಡದಲ್ಲಿ ಬರೆದ ಮೊದಲ ಅಕ್ಷರ ಅದು. ಅಕ್ಷರ ಬಾರದವಳು ಅದನ್ನು ನನಗೆ ಕಲಿಸಿದಳು. ತನ್ನ ತಾಯಿಗೆ ಹೆದರಿದರೂ ಮಗಳಿಗೆ ಒಂದು ರಂಗೋಲಿ ದಾಟಿಸಿದ ಅಜ್ಜನಿಗೆ, ನನ್ನ ಕೈ ತಪ್ಪಿದರೂ ಮತ್ತೆ ಮೊಳೆ ಕೊಟ್ಟ ಅವ್ವನಿಗೆ, ಅವರಿದ್ದಾಗ ನಾನು ಒಂದು ದಿನವೂ ಕೃತಜ್ಞತೆ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಹಾಗೆಲ್ಲ ಹೇಳುವ ಪದ್ಧತಿ ಇಲ್ಲ. ಈಗ ಅವ್ವ ಹೋಗಿ ಆರು ವರ್ಷ. ಅವಳ ಕನ್ನಡದಲ್ಲೇ ಬರೆದು ಹೇಳುತ್ತಿದ್ದೇನೆ.

ಶನಿವಾರದ ಕೊನೆಯ ಭಾಂಡೆ ಒಂದು ನೀರಿನ ಚರಗಿ. ಹೊತ್ತು ಇಳಿದಿತ್ತು, ನಳಕ್ಕೆ ನೀರು ಬರುವ ಸಮಯ, ವಾಡೆಯ ಹೆಂಗಸರು ಕೊಡ ಹಿಡಿದು ಓಡಾಡುತ್ತಿದ್ದರು. ಯಮುನಾಕಾಕು, "ಪಾಣೀ ಆಲಂ ಗ!" ನೀರು ಬಂತು ಎಂದು ಕೂಗಿದಳು. ಅವ್ವ ಏಳಲಿಲ್ಲ. ಚರಗಿಯ ಮೇಲಿನ ಚುಕ್ಕಿಗಳ ಮೇಲೆ ಹೆಬ್ಬೆರಳಾಡಿಸಿದಳು, ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ.

"ಸೊಟ್ಟ ಆಗೇದ" ಎಂದಳು. "ನಮ್ಮಪ್ಪಂದೂ ಸೊಟ್ಟನ ಇತ್ತು."

ಆಮೇಲೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಕೇಳಿದಳು: "ಶಾಂತಾ, ಇದರ ಮುಂದಿಂದು ಯಾವದು?"

"ಏನವ್ವಾ?"

"ಗ ಆದಮ್ಯಾಲೆ. ಅದರ ಬಾಜೂಕ ಇನ್ನೊಂದು ಇರ್ತದಂತಲ್ಲಾ. ಅದು ಹ್ಯಾಂಗಿರ್ತದ?"

ನನಗೆ ನಾಗರಿಯ ಘ ಗೊತ್ತಿತ್ತು. ಕನ್ನಡದ್ದು ಗೊತ್ತಿರಲಿಲ್ಲ. ಹಾಗೆಂದೆ. ಅವಳು ತಲೆಯಾಡಿಸಿ ಎದ್ದು, ನೀರಿಗೆ ಹೋಗದೆ, ನನ್ನ ಶಾಲೆಯ ಪಾಟಿಯನ್ನು ತೊಳೆದು ತಂದಳು. ಅಪ್ಪ ಕಚೇರಿಯಿಂದ ಬಂದು ರುಮಾಲು ತೆಗೆಯುವ ಮೊದಲೇ ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು, ಅವ್ವ ಪಾಟಿ ಹಿಡಿದು ನನಗಿಂತ ಒಂದು ಹೆಜ್ಜೆ ಮುಂದೆ.